ಹತ್ತೊಂಬತ್ತು ಸಲ ಕಾಶಿಗೆ ಹೋದ ಚೌಡವ್ವ

ರಾಣೇಬೆನ್ನೂರಿನ ಮೈಲೇಶನ ಯಾತ್ರಾ ಬಸ್ಸಿನಲ್ಲಿ ಅಡುಗೆ ಮಾಡುವ ಚೌಡವ್ವ ಹತ್ತೊಂಬತ್ತು ಸಲ ಕಾಶಿಗೆ ಹೋಗಿ ಬಂದವಳು. ಹತ್ತೊಂಬತ್ತು ಸಲವೂ ವಿಶ್ವನಾಥನನ್ನು ನೋಡದೆ ಬಂದವಳು. ಮೊದಲನೆಯ ಸಂಗತಿ ಅವಳ ಊರಾದ ಐರಣಿಯಿಂದ ಬ್ಯಾಡಗಿಯವರೆಗೆ ಎಲ್ಲರಿಗೂ ಗೊತ್ತಿತ್ತು. ಎರಡನೆಯದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅವಳಿಗೆ ಮತ್ತು ಆ ಬಸ್ಸಿನ ಡ್ರೈವರ್ ಯೂಸುಫಸಾಬರಿಗೆ. ಉಳಿದವರಿಗೆ ಅದು ತಿಳಿದದ್ದು ಅವಳ ಇಪ್ಪತ್ತನೆಯ ಯಾತ್ರೆಯಲ್ಲಿ, ಮತ್ತು ಆ ಯಾತ್ರೆಯಲ್ಲಿ ನನ್ನ ಪುಣ್ಯವೋ ಹೆಂಡತಿಯ ಹಟವೋ, ನಾನೂ ಇದ್ದೆ.

ಹಾವೇರಿಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಹಿಮಾಲಯದಿಂದ ರಾಮಸೇತುವಿನವರೆಗಿನ ಈ ಮಹಾದೇಶದ ರಾಜವಂಶಗಳು, ನದಿಗಳು, ದೇವಾಲಯಗಳ ಶೈಲಿಗಳು, ಷಡ್ದರ್ಶನಗಳು ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ಕಾಲು ಮಾತ್ರ ಸೊಲ್ಲಾಪುರ ದಾಟಿರಲಿಲ್ಲ. ನಿವೃತ್ತನಾದ ಮೇಲೆ ಈ ಸಂಗತಿ ಹೆಂಡತಿ ಸುರೇಖಾಳ ಕೈಗೆ ಸಿಕ್ಕ ಕೋಲಾಯಿತು. "ಮೂವತ್ತೊಂದು ವರ್ಷ ಹುಡುಗೂರ ಮುಂದ ಗಂಗಾ ಗಂಗಾ ಅಂತ ಒದರೀರಿ. ಒಮ್ಮೆರೆ ಅದರಾಗ ಕಾಲ ಇಡ್ರಿ," ಎಂದು ಅವಳು ದಿನಕ್ಕೊಮ್ಮೆ ಚುಚ್ಚಿದಳು. ನಮ್ಮ ಕಡೆ ಯಾತ್ರೆಗೂ ಬೆಳೆಯೇ ಮುಹೂರ್ತ ಇಡುತ್ತದೆ. ಗೋವಿನಜೋಳ ಮುರಿದು ಮನೆಗೆ ಬಂದಿರಬೇಕು, ಹೊಲದಲ್ಲಿ ಮೆಣಸಿನಕಾಯಿ ಇನ್ನೂ ಕೆಂಪೇರುತ್ತಿರಬೇಕು. ಆ ನಡುವಿನ ಇಪ್ಪತ್ತೆರಡು ದಿನಗಳಲ್ಲಿ ಮೈಲೇಶನ ಬಸ್ಸು ಉಜ್ಜಯಿನಿ, ಪುಷ್ಕರ, ಮಥುರಾ, ಹರಿದ್ವಾರ, ಅಯೋಧ್ಯೆ, ಕಾಶಿ, ಪ್ರಯಾಗ ಎಲ್ಲ ಸುತ್ತಿ ಬರುತ್ತದೆ. ಹಾಗೆ ಎರಡು ವರ್ಷದ ಹಿಂದೆ ನಲವತ್ತಮೂರು ಜನರ ಜೊತೆ ನಾವಿಬ್ಬರೂ ಹತ್ತಿದೆವು.

ಬಸ್ಸಿನ ಹೊಟ್ಟೆಗೆ ಪಾತ್ರೆಗಳನ್ನು ತುಂಬಿಸುತ್ತಿದ್ದ ಚೌಡವ್ವನನ್ನು ನಾನು ಮೊದಲು ನೋಡಿದ್ದು ಬೆನ್ನ ಕಡೆಯಿಂದ. ಅರವತ್ತು ದಾಟಿದ ಕುಳ್ಳು ಹೆಂಗಸು, ನಡೆಯುವಾಗ ಬಲಕ್ಕೆ ಸ್ವಲ್ಪ ವಾಲುತ್ತಾಳೆ. ಐರಣಿಯ ಹೊಳೆಯಿಂದ ಬಾಲ್ಯವಿಡೀ ಎಡ ಟೊಂಕದ ಮೇಲೆ ಕೊಡ ಹೊತ್ತು ತಂದ ಮೈ ಅದು. ಕೊಡ ಹೋಗಿ ನಲ್ಲಿ ಬಂದು ಎಷ್ಟೋ ವರ್ಷವಾದರೂ ಮೈ ಆ ಭಾರವನ್ನು ಇನ್ನೂ ಇಳಿಸಿರಲಿಲ್ಲ. ಇಳಕಲ್ ಸೀರೆಯ ಮೇಲೆ ಗಂಡಸರ ಖಾಕಿ ಕೋಟು. ಯಾವುದೋ ವರ್ಷ ಝಾನ್ಸಿಯ ಚಳಿಯಲ್ಲಿ ನಡುಗುತ್ತಿದ್ದವಳಿಗೆ ಯೂಸುಫಸಾಬರು ತಮ್ಮದನ್ನು ಬಿಚ್ಚಿ ಕೊಟ್ಟಿದ್ದರಂತೆ, ಅವಳು ತಿರುಗಿ ಕೊಡಲೇ ಇಲ್ಲ. ಅದರ ಒಂದು ಕಿಸೆಯಲ್ಲಿ ಎಲೆಅಡಿಕೆಯ ಸಂಚಿ, ಇನ್ನೊಂದರಲ್ಲಿ ಕಡ್ಡಿಪೆಟ್ಟಿಗೆ ಮತ್ತು ಇಂಗಿನ ಡಬ್ಬಿ. ಅವಳು ಬರುವ ಮೊದಲು ಇಂಗಿನ ವಾಸನೆ ಬರುತ್ತಿತ್ತು. ಮಾತಿನ ಕೊನೆಗೆ "ಅಷ್ಟ ನೋಡ್ರಿ" ಎಂದು ಸೇರಿಸುವುದು ಅವಳ ರೂಢಿ. ಹೇಳುವುದನ್ನೆಲ್ಲ ಹೇಳಿ, ಪಾತ್ರೆಯ ಬಾಯಿ ಒರೆಸಿ ಮುಚ್ಚಿದ ಹಾಗೆ ಆ ಎರಡು ಶಬ್ದ ಬೀಳುತ್ತಿದ್ದವು. ಆಮೇಲೆ ಅವಳೊಡನೆ ವಾದಿಸಿ ಪ್ರಯೋಜನವಿರಲಿಲ್ಲ.

ಅವಳಿಗೂ ಒಂದು ಭಾರತವಿತ್ತು, ಮತ್ತು ಅದು ನನ್ನ ಭಾರತಕ್ಕಿಂತ ತೀರ ಬೇರೆಯಾಗಿತ್ತು. ಅದರಲ್ಲಿ ಗೋಪುರಗಳಿರಲಿಲ್ಲ, ಘಾಟುಗಳಿರಲಿಲ್ಲ. ಬಸ್ಸು ನಿಲ್ಲುವ ಬಯಲುಗಳು, ಅಲ್ಲಿನ ಗಾಳಿಯ ದಿಕ್ಕು, ನಲ್ಲಿಗೆ ನೀರು ಬರುವ ಹೊತ್ತು, ಒಲೆ ಹೂಡಿದರೆ ಗದರುವ ಪೊಲೀಸರು, ಗದರದ ಪೊಲೀಸರು, ಇಷ್ಟೇ. ಮಥುರಾ ಎಂದರೆ ಮಂಗಗಳ ಊರು, ಬೆಲ್ಲದ ಡಬ್ಬಿಗೆ ಕಲ್ಲು ಹೇರಬೇಕು. ಉಜ್ಜಯಿನಿ ಎಂದರೆ ಕೊತ್ತಂಬರಿ ಚಲೋ ಸಿಗುವ ಊರು. ಪುಷ್ಕರದಲ್ಲಿ ಒಂದು ಮಧ್ಯಾಹ್ನ ನಾನು ಸಹಯಾತ್ರಿಕರನ್ನು ಬಸ್ಸಿನ ನೆರಳಲ್ಲಿ ಕೂರಿಸಿಕೊಂಡು, ಅವರು ಕೇಳದಿದ್ದರೂ, ಭಿನ್ನತೆಯಲ್ಲಿ ಐಕ್ಯವನ್ನು ಸಾಧಿಸಿದ ಈ ದೇಶದ ಸಾಂಸ್ಕೃತಿಕ ಅಖಂಡತೆಯನ್ನು ವಿವರಿಸುತ್ತಿದ್ದೆ. ಒಲೆಯ ಮುಂದಿನಿಂದ ಚೌಡವ್ವ ತಲೆಯೆತ್ತಿದಳು.

"ಸರ, ದೇಶ ಎಲ್ಲಾ ಒಂದ ಅಂತ ನೀವು ಅಂತೀರಿ. ತೊಗರಿಬ್ಯಾಳಿ ಹಂಗ ಅನ್ನಂಗಿಲ್ಲ. ಇಲ್ಲಿ ನೀರಾಗ ಎರಡ ತಾಸು ಕುದಿಸಿದ್ರೂ ಕಲ್ಲಿನಂಗ ಕುಂತೈತಿ. ಹರಿದ್ವಾರಕ್ಕ ಹೋಗೂಣು, ಅರ್ಧಾ ತಾಸಿನಾಗ ಬೆಣ್ಣಿ ಆಗತೈತಿ. ಅಷ್ಟ ನೋಡ್ರಿ."

ನನ್ನ ಶ್ರೋತೃಗಳು ಬೇಳೆಯ ಪಕ್ಷಕ್ಕೆ ಹೋದರು. ಹರಿದ್ವಾರದಲ್ಲಿ ನಾನು ಗಡಿಯಾರ ಹಿಡಿದು ನಿಂತು ನೋಡಿದೆ. ಅರ್ಧ ತಾಸಿಗೆ ಇನ್ನೂ ಎರಡು ನಿಮಿಷ ಬಾಕಿಯಿತ್ತು, ಬೇಳೆ ಕರಗಿತ್ತು.

ಒಂದು ಹಟ ಅವಳದು. ಹೊಸ ಊರು ಮುಟ್ಟಿ ಅಡುಗೆ ಮಾಡಿದಾಗ ಮೊದಲ ಹಿಡಿ ಅನ್ನ ಯಾರಿಗೂ ಇಲ್ಲ. ಅದನ್ನು ಎಲೆಯ ಚೂರಿನ ಮೇಲಿಟ್ಟು, ಬಸ್ಸಿನ ಮುಂದಿನ ಗಾಲಿಯ ಪಕ್ಕ ನೆಲಕ್ಕೆ ಇಡುತ್ತಿದ್ದಳು. ಎಳ್ಳಮಾವಾಸ್ಯೆಗೆ ನಮ್ಮವರು ಹೊಲದ ತುಂಬ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುವುದನ್ನು ನಾನೂ ಬಲ್ಲೆ. ಆದರೆ ಡೀಸೆಲ್ ಬಿದ್ದು ಕಪ್ಪಾದ ಪಾರ್ಕಿಂಗಿನ ನೆಲಕ್ಕೆ ಚರಗ ಹಾಕುವವರನ್ನು ನೋಡಿರಲಿಲ್ಲ. ಯಾರಿಗೆ ಇದು ಎಂದು ಕೇಳಿದೆ. "ಊರಿಗೆ. ಅವರ ಊರಾಗ ಬಂದು ಒಲಿ ಹೂಡೇವಿ. ಅವರಿಗೆ ಒಂದ ತುತ್ತ ಕೊಡಬ್ಯಾಡೇನ್ರಿ?" ಎಂದಳು. ಮಥುರೆಯಲ್ಲಿ ಆ ತುತ್ತನ್ನು ಒಂದು ನಾಯಿ ತಿಂದಿತು, ಅಯೋಧ್ಯೆಯಲ್ಲಿ ಕಾಗೆ. ಊರು ಉಂಡಿತು ಎಂದು ಅವಳಿಗೆ ಅಷ್ಟೇ ಸಮಾಧಾನ.

ಯಾತ್ರಿಕರು ದರ್ಶನಕ್ಕೆ ಹೋದಾಗ ಬಯಲಿನಲ್ಲಿ ಉಳಿಯುವವರು ಇವರಿಬ್ಬರೇ, ಚೌಡವ್ವ ಮತ್ತು ಯೂಸುಫಸಾಬರು. ಸಾಬರು ಬ್ಯಾಡಗಿಯವರು, ಮಿತಭಾಷಿ, ಬಿಳಿ ಗಡ್ಡಕ್ಕೆ ಗೋರಂಟಿ ಹಚ್ಚುವ ಶೋಕಿ ಒಂದನ್ನು ಬಿಟ್ಟರೆ ನಿರಾಡಂಬರ ಮನುಷ್ಯ. ಬಸ್ಸಿನ ನೆರಳಲ್ಲಿ ಕೂತು ಬಳ್ಳೊಳ್ಳಿ ಸುಲಿದು ಕೊಡುತ್ತಿದ್ದರು. ತರಕಾರಿಯವರೊಡನೆ ಅವಳ ಪರವಾಗಿ ಹಿಂದಿಯಲ್ಲಿ ಜಗಳವಾಡುತ್ತಿದ್ದರು. ಒಂದು ವರ್ಷ ಪುರಿಗೆ ಹೋದಾಗ, ಜಗನ್ನಾಥನ ಅಡುಗೆಮನೆಯಲ್ಲಿ ಗಡಿಗೆಯ ಮೇಲೆ ಗಡಿಗೆ ಏಳು ಏರಿಸುತ್ತಾರೆ, ಎಲ್ಲಕ್ಕಿಂತ ಮೇಲಿನದೇ ಮೊದಲು ಬೇಯುತ್ತದೆ ಎಂಬ ಪ್ರತೀತಿಯನ್ನು ಯಾರೋ ಹೇಳಿದರಂತೆ. ಇವಳು ಮೂರು ದಿನ ಮುನಿಸಿಕೊಂಡಿದ್ದಳೆಂದು ಸಾಬರು ನೆನೆಸಿಕೊಂಡು ನಗುತ್ತಿದ್ದರು. "ದೇವರ ಮಹಿಮಾ ಇರಬಹುದು, ಒಲಿ ನನಗೂ ಗೊತ್ತೈತಿ ಅಂದ್ಲು ನೋಡ್ರಿ. ಕಡೀಕ ನಾನ ಹೇಳಿದೆ, ಆತಬೇ, ದೇವರಿಗೆ ಒಂದ ಗಡಿಗಿ ಬಿಟ್ಟುಕೊಡು ಅಂತ."

ಕಾಶಿಯ ಮಾತು ಬಂದಾಗ ಮಾತ್ರ ಅವಳ ನಾಲಿಗೆ ಗಿಡ್ಡವಾಗುತ್ತಿತ್ತು. "ಚೌಡವ್ವ, ನೀವೂ ಬರ್ರಿ," ಎಂದು ಹೆಂಗಸರು ಕರೆದರೆ, "ನಾ ಮೊದಲನೇ ಸಲಾನ ನೋಡೇನಿ. ನೀವು ನೋಡಿ ಬರ್ರಿ," ಎನ್ನುತ್ತಿದ್ದಳು. ಅವಳು ನೋಡಿದ ವಿಶ್ವನಾಥನ ವರ್ಣನೆ ಬಸ್ಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಐರಣಿಯ ಫಕ್ಕೀರಪ್ಪಜ್ಜನಿಗೆ. ಎಪ್ಪತ್ತೆಂಟು ವರ್ಷದ ಮುದುಕ, ಎರಡೂ ಮೊಣಕಾಲು ಸವೆದಿವೆ, ಇದೇ ಮೊದಲು ಇದೇ ಕೊನೆ ಎಂದು ಹೊರಟವನು. ಚೌಡವ್ವನ ತಾಯಿ ಸೋಮವ್ವ ಸಾಯುವಾಗ ಅವನು ಅದೇ ಪಡಸಾಲೆಯಲ್ಲಿ ಕೂತಿದ್ದನಂತೆ. ಮೊದಲ ಯಾತ್ರೆ ಮುಗಿಸಿ ಬಂದ ಮಗಳು ತಾಯಿಯ ಬಾಯಿಗೆ ಗಂಗೆ ಬಿಟ್ಟು, ವಿಶ್ವನಾಥ ಎದೆಮಟ್ಟ ಇದ್ದಾನೆಂದು ಕೈಯಿಟ್ಟು ತೋರಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. "ಹೊಳಿದಂಡಿ ವೀರಗಲ್ಲಿಗಿಂತ ಎತ್ತರ! ಸೋಮಕ್ಕ ಅದನ್ನ ಕೇಳಿ ಕಣ್ಣ ಮುಚ್ಚಿದ್ಲು," ಎಂದು ಉಜ್ಜಯಿನಿ ಮುಟ್ಟುವುದರೊಳಗೆ ಇಡೀ ಬಸ್ಸಿಗೆ ಹೇಳಿ ಮುಗಿಸಿದ್ದ.

ನನ್ನ ಮೇಷ್ಟರಿಕೆ ಸುಮ್ಮನಿರಲಿಲ್ಲ. ಕಾಶಿಯ ಲಿಂಗ ಚಿಕ್ಕದು, ನೆಲದ ಕುಳಿಯಲ್ಲಿದೆ, ಪುಸ್ತಕಗಳಲ್ಲಿ ಓದಿದ್ದೇನೆ ಎಂದೆ.

"ನೀವು ನೋಡೀರೇನ್ರಿ?" ಎಂದ ಅಜ್ಜ.

"ನೋಡಿಲ್ಲ."

"ಚೌಡವ್ವ ನೋಡ್ಯಾಳ."

ಮೂವತ್ತೊಂದು ವರ್ಷದ ಪಾಂಡಿತ್ಯ ಅಲ್ಲಿಗೆ ಚಪ್ಪಟೆಯಾಯಿತು. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಮುಂದಿನ ಸೀಟಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಚೌಡವ್ವ ಹಿಂತಿರುಗಿ ನೋಡಲಿಲ್ಲ. ಸ್ಟಿಯರಿಂಗ್ ಹಿಡಿದಿದ್ದ ಯೂಸುಫಸಾಬರು ಕನ್ನಡಿಯಲ್ಲಿ ಅವಳ ಮುಖವನ್ನೊಮ್ಮೆ ನೋಡಿದರು.

ಕಾಶಿಯಲ್ಲಿ ಬಸ್ಸು ಊರ ಹೊರಗಿನ ಬಯಲಿನಲ್ಲಿ ನಿಂತಿತು. ನಾವು ಆಟೋ ಹಿಡಿದು, ಗಂಗೆಯಲ್ಲಿ ಮಿಂದು, ಸಾಲಿನಲ್ಲಿ ನಾಲ್ಕು ತಾಸು ಸವೆದು, ಗರ್ಭಗುಡಿಯ ಮುಂದೆ ನಾಲ್ಕು ಕ್ಷಣ ನಿಂತೆವೋ ಇಲ್ಲವೋ, ಪೊಲೀಸರು ಮುಂದೆ ನೂಕಿದರು. ನಾನು ಓದಿದ್ದು ಸರಿಯಿತ್ತು. ಬೆಳ್ಳಿ ಕಟ್ಟಿದ ಕುಳಿ, ಅದರಲ್ಲಿ ಹಾಲು ನೀರು ಬಿಲ್ವದ ನಡುವೆ ಕಪ್ಪಗೆ ಹೊಳೆಯುವ ಚಿಕ್ಕ ಲಿಂಗ. ನನ್ನ ಹಿಂದಿದ್ದ ಫಕ್ಕೀರಪ್ಪಜ್ಜ ಮಾತ್ರ ಹೊರಗೆ ಬಂದ ಮೇಲೂ ಹೋಗಲೊಲ್ಲ. ಪ್ರತಿಯೊಬ್ಬ ಪೊಲೀಸನ ಮುಂದೆಯೂ ನಿಂತು, ತನ್ನ ಎದೆಗೆ ಕೈಯಿಟ್ಟು ಅಳತೆ ತೋರಿಸಿ, "ಬಡಾ ಕಿಧರ್? ಬಡಾ?" ಎಂದು ಹರಕು ಹಿಂದಿಯಲ್ಲಿ ದೊಡ್ಡವನೆಲ್ಲಿ ಎಂದು ಕೇಳುತ್ತಿದ್ದ. ಅವರು ನಕ್ಕು ಹೊರಗಿನ ದಾರಿ ತೋರಿಸಿದರು.

ಊಟಕ್ಕೆ ಎಲ್ಲರೂ ಕೂತರು, ಅಜ್ಜ ಕೂರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಮುಖ ತಿರುಗಿಸಿಕೊಂಡಿದ್ದ. ಚೌಡವ್ವ ತಾಟು ಹಿಡಿದು ಹೋದಳು.

"ಬ್ಯಾಡ ತಂಗಿ. ಸಣ್ಣಾವನ್ನ ತೋರಿಸಿ ಕಳಿಸಿಬಿಟ್ರು. ದೊಡ್ಡಾವ ಒಳಗ ಅದಾನ, ನಮ್ಮಂಥಾರಿಗೆ ತೋರಸಂಗಿಲ್ಲ. ಇಷ್ಟ ದೂರ ಬಂದ್ರೂ ನನ್ನ ಪುಣ್ಯ ಸಾಲಲಿಲ್ಲ. ಇನ್ನೊಮ್ಮೆ ಬರಾಕ ಈ ಕಾಲ ಎಲ್ಲದಾವ?"

ನಾನು ಬಾಯಿ ತೆರೆದೆ. ಸುರೇಖಾ ನನ್ನ ತೋಳು ಚಿವುಟಿದಳು. ಚೌಡವ್ವ ತಾಟನ್ನು ಮೆಟ್ಟಿಲ ಮೇಲಿಟ್ಟು, ಎರಡೂ ಕೈಯನ್ನು ಕೋಟಿನ ಕಿಸೆಯಲ್ಲಿ ಹುದುಗಿಸಿ ನಿಂತಳು. ಆಮೇಲೆ ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

"ಕಾಕಾ, ನೀ ನೋಡಿದಾವನ ಖರೇ ದೇವರು. ಬ್ಯಾರೆ ಯಾವ ದೊಡ್ಡಾವನೂ ಇಲ್ಲ."

"ನೀ ನೋಡಿದಾವ ಎದಿಮಟ ಇದ್ದನಲ್ಲ?"

"ನಾ ನೋಡೇ ಇಲ್ಲ. ಆ ವರ್ಷ ಎಂಟು ಮಂದಿಗೆ ವಾಂತಿ ಹತ್ತಿತ್ತು, ಗಂಜಿ ಕಾಸೂದ್ರಾಗ ಎರಡೂ ದಿನ ಹೋದ್ವು. ಊರಿಗೆ ಬಂದ್ರ ಅವ್ವನ ಜೀವ ಕುತಗಿಗೆ ಬಂದಿತ್ತು. ನೋಡಿದೇನ ಮಗಳ, ಎಷ್ಟ ದೊಡ್ಡಾವ ಅದಾನ ಅಂತ ಕೇಳಿದ್ಲು. ನೋಡಿಲ್ಲ ಅಂತ ಯಾವ ಬಾಯಲೆ ಹೇಳಲಿ? ಸಣ್ಣಾವ ಅಂದ್ರ ಅವ್ವಗ ಸಾಲೂದಿಲ್ಲ ಅನಿಸ್ತು. ಎದಿಮಟ ಕೈ ಇಟ್ಟೆ." ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಮುಂದಿನ ವರ್ಷ ಬಸ್ಸಿನಾಗಿದ್ದ ಬ್ಯಾರೆ ಊರಿನಾರು ನೋಡಿ ಬಂದು ಸಣ್ಣಾವ ಅದಾನ ಅಂದ್ರು. ಆವಾಗಿಂದ ಹೋಗಾಕ ಅಂಜಿಕಿ. ನಾ ಕಣ್ಣಲೆ ನೋಡಿಬಿಟ್ರ, ಅವ್ವಗ ಹೇಳಿದ್ದು ಪೂರಾ ಸುಳ್ಳಾಗತೈತಿ ಅಂತ."

ಯಾರೂ ಉಣ್ಣುತ್ತಿರಲಿಲ್ಲ. ಯೂಸುಫಸಾಬರು ತಲೆ ತಗ್ಗಿಸಿ ಬಳ್ಳೊಳ್ಳಿಯ ಸಿಪ್ಪೆಯನ್ನು ಒಂದೊಂದಾಗಿ ಆಯ್ದು ಗುಡ್ಡೆ ಮಾಡುತ್ತಿದ್ದರು. ಐರಣಿಯವರು ಇನ್ನೂ ನಾಲ್ಕು ಜನ ಬಸ್ಸಿನಲ್ಲಿದ್ದರು. ಇನ್ನು ಊರಿನಲ್ಲಿ ಅವಳ ಮಾತಿಗೆ ಏನು ಬೆಲೆ ಉಳಿದೀತು ಎಂದು ನನಗೆ ಭಯವಾಯಿತು. ಅಜ್ಜ ಬೈಯುತ್ತಾನೆಂದು ಅವಳೂ ಕಾದು ನಿಂತಿದ್ದಳು. ಅಜ್ಜ ತನ್ನ ಅಂಗೈಗಳನ್ನೇ ನೋಡಿಕೊಂಡ.

"ಹಂಗಾರ ನಾ ನೋಡಿದ್ದು ಅವನ್ನ?"

"ಅವನ್ನ, ಕಾಕಾ."

"ಯವ್ವಾ, ನಾ ಕೈನೂ ಮುಗೀಲಿಲ್ಲಲ್ಲಬೇ. ಮುಂದ ದೊಡ್ಡಾವ ಸಿಗತಾನ ಅಂತ ಇವನ್ನ ಸುಮ್ಮನ ದಾಟಿ ಬಂದೆ."

ಈಗ ಅತ್ತದ್ದು ಚೌಡವ್ವ. ತಾಯಿಗೆ ಹೇಳಿದ ಒಂದು ಮಾತು ಇಷ್ಟು ವರ್ಷ ದಾಟಿ ಬಂದು ಈ ಮುದುಕನ ಕೈಗಳನ್ನು ಹಿಡಿದುಬಿಟ್ಟಿತ್ತು ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಅಜ್ಜನೇ ಮೊದಲು ಚೇತರಿಸಿಕೊಂಡ. ತಾಟನ್ನು ಹತ್ತಿರ ಎಳೆದುಕೊಂಡು, "ನೀನೂ ನೋಡಿಲ್ಲ, ನಾನೂ ನೋಡಿಲ್ಲ. ನಾಳೆ ಇಬ್ಬರೂ ಹೋಗೂಣು ನಡಿ," ಎಂದ.

ಮರುದಿನ ಬೆಳಿಗ್ಗೆ ಬಸ್ಸು ಪ್ರಯಾಗಕ್ಕೆ ಹೊರಡಬೇಕಿತ್ತು. ಯಾತ್ರೆಯ ಉಸ್ತುವಾರಿಗೆ ಜೊತೆ ಬಂದಿದ್ದ ಮೈಲೇಶ ಗೊಣಗಿದ, ಇಡೀ ಬಸ್ಸು ಅವನ ಕಡೆ ತಿರುಗಿ ನೋಡಿದ್ದರಿಂದ ಗೊಣಗುವುದನ್ನು ನಿಲ್ಲಿಸಿದ. ಇನ್ನು ಅಡ್ಡಿಯಾದವಳು ಚೌಡವ್ವ ಒಬ್ಬಳೇ. "ನಾ ಹೋದ್ರ ಮಧ್ಯಾಹ್ನದ್ದು ಯಾರ ಮಾಡತಾರ?" ಎಂದಳು. ಸುರೇಖಾ ಸೆರಗು ಸಿಕ್ಕಿಸಿ ಎದ್ದಳು. "ಮೂವತ್ತೈದು ವರ್ಷ ನಾನೂ ಅಡಿಗಿ ಮಾಡೇನ್ರಿ ಚೌಡವ್ವ. ಇವರು ಇನ್ನೂ ಜೀವಂತ ಅದಾರ, ನೋಡ್ರಿ," ಎಂದು ನನ್ನನ್ನು ಸಾಕ್ಷಿಗೆ ಎತ್ತಿ ತೋರಿಸಿದಳು. ಯೂಸುಫಸಾಬರು ಒಲೆಯ ಬಳಿ ತಾವೇ ಇರುವುದಾಗಿ ಹೇಳಿ, "ಹೋಗಿ ಬಾರಬೇ. ಇಷ್ಟ ವರ್ಸ ನಾ ಕಾದೇನಿ, ನೀ ಯಾವಾಗ ಹೋಗತಿ ಅಂತ," ಎಂದರು.

ಹೀಗೆ ಫಕ್ಕೀರಪ್ಪಜ್ಜ, ಚೌಡವ್ವ, ಅವರಿಗೆ ದಾರಿ ತೋರಿಸಲು ನಾನು, ಮೂವರೂ ಮತ್ತೆ ಆ ಸಾಲಿನಲ್ಲಿ ನಿಂತೆವು. ಮೊದಲ ಒಂದು ತಾಸು ಅವಳು ಬೇಳೆಗೆ ನೀರು ಎಷ್ಟಿಟ್ಟರೋ ಎಂಬ ಚಿಂತೆಯಲ್ಲೇ ಇದ್ದಳು. ಹೊತ್ತು ಕಳೆಯಲೆಂದು ನಾನು ಆ ಗುಡಿಯ ಚರಿತ್ರೆ ಹೇಳತೊಡಗಿದೆ, ಎಷ್ಟು ಸಲ ಬಿದ್ದಿತು, ಎಷ್ಟು ಸಲ ಎದ್ದಿತು, ಕೊನೆಗೆ ಇಂದೋರಿನ ರಾಣಿ ಅಹಲ್ಯಾಬಾಯಿ ಹೇಗೆ ಕಟ್ಟಿಸಿದಳು ಎಂದೆಲ್ಲ. "ಹೆಂಗಸು ಕಟ್ಟಿಸಿದ್ದೇನ್ರಿ?" ಎಂದು ಅವಳ ಮುಖ ಅರಳಿತು. ಆಮೇಲೆ ಕೇಳಿದಳು, "ಕಟ್ಟೂವಾಗ ಗೌಂಡ್ಯಾರಿಗೆ ಅಡಿಗಿ ಯಾರ ಮಾಡಿದ್ರು?" ನನ್ನ ಮೂವತ್ತೊಂದು ವರ್ಷದ ವಿದ್ಯಾರ್ಥಿಗಳಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

ಗರ್ಭಗುಡಿಯ ಮುಂದೆ ಅಜ್ಜ ಎರಡೂ ಕೈ ಜೋಡಿಸಿ ತಲೆಯ ಮೇಲೆ ಎತ್ತಿದವನು ಇಳಿಸಲೇ ಇಲ್ಲ. ನಿನ್ನೆ ನಕ್ಕಿದ್ದ ಪೊಲೀಸನೇ ಇಂದು ಅವನ ಹೆಗಲು ಹಿಡಿದು ಮೆಲ್ಲಗೆ ಸರಿಸಿದ. ಚೌಡವ್ವ ಕೈ ಮುಗಿದದ್ದು ನನಗೆ ಕಾಣಲಿಲ್ಲ. ಅವಳು ಚೌಕಟ್ಟು ಹಿಡಿದು ಬಗ್ಗಿ ಒಳಗೆ ನೋಡಿದಳು, ಜನ ನೂಕಿದರು, ಮತ್ತೆ ಕತ್ತು ಹಿಂದಿರುಗಿಸಿ ನೋಡಿದಳು. ಹೊರಗೆ ಬಂದು ಅಂಗಳದ ಮೂಲೆಯ ಕಟ್ಟೆಯ ಮೇಲೆ ಕೂತಳು. ನಾನೂ ಅಜ್ಜನೂ ಎರಡೂ ಬದಿಗೆ ಕೂತೆವು.

"ಸಣ್ಣಾವ ಅದಾನ್ರಿ ಸರ," ಎಂದಳು. "ಅವ್ವನ ತೊಡಿ ಮ್ಯಾಲ ಕುಂದ್ರಸೂವಷ್ಟ. ಅವ್ವಗ ಸಣ್ಣ ಕೂಸು ಅಂದ್ರ ಜೀವ. ಇದ್ದದ್ದು ಇದ್ದಂಗ ಹೇಳಿದ್ರ ಇನ್ನಾ ಖುಷಿ ಆಗತಿದ್ಲು."

ಹಾಗೆಂದು ಮತ್ತೆ ಅತ್ತಳು, ಆದರೆ ಮುಖದಲ್ಲಿ ನಗೆಯೂ ಇತ್ತು. ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟು, "ಸೋಮಕ್ಕಗ ಈಗ ಗೊತ್ತಾಗಿರತೈತಿ ಬಿಡು," ಎಂದ.

ಬಯಲಿಗೆ ಮರಳುವಾಗ ಹೊತ್ತು ಮೂರು ದಾಟಿತ್ತು. ನಲವತ್ತು ಜನ ಉಣ್ಣದೆ ಕಾದು ಕೂತಿದ್ದರು. ಚೌಡವ್ವ ಸಿಟ್ಟಾಗಿ ಸೌಟಿಗೆ ಕೈ ಹಾಕಿದಳು. ಸುರೇಖಾ ಸೌಟು ಕೊಡಲಿಲ್ಲ. ಅವಳನ್ನು ಸಾಲಿನ ಮೊದಲಿಗೆ ಕೂರಿಸಿದರು, ಯೂಸುಫಸಾಬರು ಅನ್ನ ಬಡಿಸಿದರು. ಬೇಳೆ ತಳ ಹತ್ತಿತ್ತು, ಉಪ್ಪು ಮುಂದಾಗಿತ್ತು. ದೇಶದ ನೀರನ್ನೆಲ್ಲ ತೂಗಿ ಬಲ್ಲ ಆ ನಾಲಿಗೆ ಒಂದು ಮಾತೂ ಆಡದೆ ಎರಡು ಸಲ ಹಾಕಿಸಿಕೊಂಡು ಉಂಡಿತು. ಊರಿಗೆ ಬಂದ ಮೇಲೆ ಅಜ್ಜನೂ ಅವಳೂ ಐರಣಿಯ ಕಟ್ಟೆಯಲ್ಲಿ ಕೂತು ನಿಜ ಹೇಳಿದರಂತೆ. ಅರ್ಧ ಊರು ಇನ್ನೂ ಎದೆಮಟ್ಟದ ದೇವರನ್ನೇ ನಂಬಿಕೊಂಡಿದೆ. ಚೌಡವ್ವ ಹೋದ ವರ್ಷವೂ ಯಾತ್ರೆಗೆ ಹೋಗಿ ಬಂದಳು.

ಅವಳನ್ನು ಅನ್ನಪೂರ್ಣೆ ಎಂದು ಕರೆದು ಈ ಚಿತ್ರವನ್ನು ಮುಗಿಸಬಹುದಿತ್ತು. ಕೇಳಿದರೆ ಅವಳು ಬೈಯುತ್ತಾಳೆ. ಬಡಿಸುವ ಮಂದಿಯ ಸ್ವಭಾವವೇ ಒಂದು ಬಗೆ. ತಾವು ಇಟ್ಟದ್ದು ಉಣ್ಣುವವರಿಗೆ ಸಾಕಾಯಿತು ಎಂದು ಅವರಿಗೆ ಎಂದೂ ಅನ್ನಿಸುವುದಿಲ್ಲ. ಎಲೆ ತುಂಬಿದ್ದರೂ ಎದುರಿನವರ ಮುಖ ನೋಡಿ ಅಂಜುತ್ತಾರೆ, ಇನ್ನೊಂದು ಸೌಟು ಹಾಕುತ್ತಾರೆ. ಸಾಯುವ ತಾಯಿಗೆ ಚೌಡವ್ವ ದೇವರನ್ನು ಬಡಿಸಿದ್ದೂ ಹಾಗೆಯೇ. ಈ ವಿಶಾಲ ದೇಶದ ಪ್ರತಿ ಪುಣ್ಯಕ್ಷೇತ್ರದ ಹೊರಗಿನ ಬಯಲಿನಲ್ಲಿ ಇಂಥವರು ಒಲೆಯ ಮುಂದೆ ಕೂತಿರುತ್ತಾರೆ, ಒಳಗೆ ಹೋದವರು ಹಸಿದು ಬರುತ್ತಾರೆ ಎಂದು ಕಾಯುತ್ತಿರುತ್ತಾರೆ. ಅವರ ಕೈಯಲ್ಲಿ ಉಂಡವರು ಏಳುವ ಮೊದಲು, ಸಾಕು ತಾಯಿ, ಹೊಟ್ಟೆ ತುಂಬಿತು ಎಂದು ಬಾಯಿಬಿಟ್ಟು ಹೇಳಬೇಕು. ಅವರು ನಂಬುವುದಿಲ್ಲ. ಆದರೂ ಹೇಳಬೇಕು.